ನಿನ್ನೆಯ ಕೋಡ್ ನಾಳೆಯೂ ಓಡಬೇಕು

ನಾವು ಬರೆದ ಪ್ರೋಗ್ರಾಮ್ ತಪ್ಪು ಉತ್ತರ ಕೊಟ್ಟರೆ ಮೊದಲು ಅನುಮಾನ ಬರುವುದು ನಮ್ಮ ಕೋಡಿನ ಮೇಲೆ. ಆಮೇಲೆ ಬೇರೆಯವರು ಬರೆದಿಟ್ಟ ಲೈಬ್ರರಿಗಳ ಮೇಲೆ. ನಮ್ಮ ಕೋಡನ್ನು ಯಂತ್ರದ ಸೂಚನೆಗಳಾಗಿ ಬದಲಿಸುವ ಕಂಪೈಲರ್ ಮೇಲೆ ಬರುವುದು ಎಲ್ಲಕ್ಕಿಂತ ಕೊನೆಗೆ. ಹೆಚ್ಚಿನ ಸಲ ಆ ಕೊನೆಯ ಅನುಮಾನ ಸುಳ್ಳೇ ಆಗಿರುತ್ತದೆ. ಕಂಪೈಲರ್ ಅಷ್ಟು ನಂಬಿಕೆ ಗಳಿಸಿಕೊಂಡಿರುವ ಸಾಧನ.

2018ರಲ್ಲಿ ರಸ್ಟ್ ಭಾಷೆಯಲ್ಲಿ ಆ ಅನುಮಾನ ನಿಜವಾಯಿತು. ಕೋಡ್ ಸರಿಯಾಗಿತ್ತು. ಭಾಷೆಯ ಎಲ್ಲ ನಿಯಮಗಳನ್ನೂ ಪಾಲಿಸಿತ್ತು. ಕಂಪೈಲರ್ ಒಂದು ಎಚ್ಚರಿಕೆಯನ್ನೂ ಕೊಡಲಿಲ್ಲ. ಆದರೆ ಓಡಿಸಿದಾಗ ಬಂದ ಫಲಿತಾಂಶ ತಪ್ಪು. ತಪ್ಪಿನ ಬೆನ್ನು ಹತ್ತಿ ಹೋದವರಿಗೆ ಅದು ಸಿಕ್ಕಿದ್ದು ರಸ್ಟ್‌ನಲ್ಲಿ ಅಲ್ಲ, ಅದರ ಕೆಳಗೆ ಕೂತಿದ್ದ, ಹಲವು ಭಾಷೆಗಳು ಹಂಚಿಕೊಳ್ಳುವ ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಭಾಗದಲ್ಲಿ. ಅದು ಪೂರ್ತಿ ಸರಿಹೋಗಲು 2021 ಬರಬೇಕಾಯಿತು.

ಈ ಒಂದು ಕಥೆಯನ್ನು ಹಿಡಿದುಕೊಂಡರೆ ಓಪನ್ ಸೋರ್ಸ್ (ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ) ಕಂಪೈಲರ್ ಒಂದನ್ನು ವರ್ಷಗಟ್ಟಲೆ ನೋಡಿಕೊಳ್ಳುವುದು ಎಂದರೆ ಏನು ಅಂತ ಚೆನ್ನಾಗಿ ಗೊತ್ತಾಗುತ್ತದೆ. ಹೊಸ ಭಾಷೆ ಬಿಡುಗಡೆಯಾದಾಗ ಎಲ್ಲರೂ ಮಾತಾಡುತ್ತಾರೆ. ಆಮೇಲಿನ ಹತ್ತಿಪ್ಪತ್ತು ವರ್ಷದ ಕೆಲಸದ ಬಗ್ಗೆ ಮಾತು ಕಡಿಮೆ. ನನಗಂತೂ ಆ ಎರಡನೆಯ ಭಾಗವೇ ಜಾಸ್ತಿ ಇಷ್ಟ.

ಮೂರು ಭಾಗದ ಯಂತ್ರ

ಕಥೆಗೆ ಹೋಗುವ ಮುಂಚೆ ಕಂಪೈಲರ್ ಒಳಗೆ ಏನಿದೆ ಅಂತ ಬೇಗ ನೋಡಿಬಿಡೋಣ. ನಾವು ಬರೆದ ಪಠ್ಯವನ್ನು ಓದಿ, ವ್ಯಾಕರಣ ಸರಿಯಿದೆಯೇ, ಟೈಪ್‌ಗಳು (ಸಂಖ್ಯೆ, ಪಠ್ಯದಂಥ ಬೆಲೆಯ ಜಾತಿಗಳು) ಹೊಂದುತ್ತವೆಯೇ ಎಂದು ನೋಡುವುದು ಮುಂಭಾಗ. ಅದು ಕೋಡನ್ನು ಒಂದು ನಡುವಿನ ರೂಪಕ್ಕೆ ಇಳಿಸುತ್ತದೆ. ಆ ರೂಪದ ಮೇಲೆ ಆಪ್ಟಿಮೈಸರ್ ಕೆಲಸ ಮಾಡುತ್ತದೆ: ಬೇಡದ ಲೆಕ್ಕ ತೆಗೆಯುತ್ತದೆ, ಲೂಪ್‌ಗಳನ್ನು ಬಿಚ್ಚಿ ಹರಡುತ್ತದೆ, ಸಣ್ಣ ಫಂಕ್ಷನ್‌ಗಳನ್ನು ಕರೆದ ಜಾಗದಲ್ಲೇ ಇಳಿಸುತ್ತದೆ. ಕೊನೆಯ ಭಾಗ ಅದನ್ನು ಪ್ರೊಸೆಸರ್‌ಗೆ ಅರ್ಥವಾಗುವ ಸೂಚನೆಗಳಾಗಿ ಬರೆಯುತ್ತದೆ.

ಪ್ರತಿ ಭಾಷೆಯೂ ಮೂರನ್ನೂ ತಾನೇ ಕಟ್ಟಬೇಕು ಅಂತೇನಿಲ್ಲ. 2000ದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ ಲ್ಯಾಟ್ನರ್ ಮತ್ತು ವಿಕ್ರಮ್ ಆಡ್ವೆ ಶುರುಮಾಡಿದ ಎಲ್‌ಎಲ್‌ವಿಎಂ ಯೋಜನೆ ನಡುವಿನ ಮತ್ತು ಕೊನೆಯ ಭಾಗಗಳನ್ನು ಎಲ್ಲರೂ ಹಂಚಿಕೊಳ್ಳುವಂತೆ ಕಟ್ಟಿತು. ಸಿ ಮತ್ತು ಸಿ ಪ್ಲಸ್ ಪ್ಲಸ್‌ಗೆ ಇರುವ ಕ್ಲ್ಯಾಂಗ್, ಆಮೇಲೆ ಸ್ವಿಫ್ಟ್, ರಸ್ಟ್, ಜೂಲಿಯಾ ಎಲ್ಲವೂ ಅದರ ಮೇಲೆ ನಿಂತಿವೆ. ಒಬ್ಬರು ಮಾಡಿದ ಸುಧಾರಣೆ ಎಲ್ಲರಿಗೂ ಸಿಗುತ್ತದೆ. ಒಬ್ಬರು ಬಿಟ್ಟ ತಪ್ಪೂ ಹಾಗೆಯೇ ಎಲ್ಲರಿಗೂ ಸಿಗುತ್ತದೆ.

ಒಂದು ಮಾತು ಕೊಟ್ಟ ಕಥೆ

ಈಗ 2018ರ ತಪ್ಪಿಗೆ ಬರೋಣ. ಒಂದು ಫಂಕ್ಷನ್ ಇದೆ ಅಂದುಕೊಳ್ಳಿ. ಅದಕ್ಕೆ ಮೆಮೊರಿಯ ಎರಡು ವಿಳಾಸ ಕೊಡುತ್ತೇವೆ. ಎರಡನೆಯ ವಿಳಾಸದಲ್ಲಿರುವ ಸಂಖ್ಯೆಯನ್ನು ಮೊದಲನೆಯದಕ್ಕೆ ಎರಡು ಸಲ ಕೂಡಿಸಬೇಕು. ಕಂಪೈಲರ್ ಆ ಸಂಖ್ಯೆಯನ್ನು ಒಮ್ಮೆ ಓದಿಟ್ಟುಕೊಂಡರೆ ಸಾಕೇ, ಅಥವಾ ಎರಡೂ ಸಲ ಓದಬೇಕೇ?

ಎರಡು ವಿಳಾಸವೂ ಬೇರೆ ಬೇರೆ ಜಾಗದ್ದಾದರೆ ಒಮ್ಮೆ ಓದಿದರೆ ಸಾಕು. ಆದರೆ ಎರಡೂ ಒಂದೇ ಜಾಗವನ್ನು ತೋರಿಸುತ್ತಿದ್ದರೆ ಮೊದಲ ಕೂಡುವಿಕೆ ಆದ ಕೂಡಲೇ ಎರಡನೆಯದರ ಬೆಲೆಯೂ ಬದಲಾಗಿರುತ್ತದೆ. ಮತ್ತೆ ಓದಲೇಬೇಕು. ಸಿ ಭಾಷೆಯಲ್ಲಿ ಕಂಪೈಲರ್‌ಗೆ ಇದು ಬಹಳ ಸಲ ಗೊತ್ತಾಗುವುದಿಲ್ಲ. ಹಾಗಾಗಿ ಎಚ್ಚರಿಕೆಯಿಂದ ಮತ್ತೆ ಓದುತ್ತದೆ, ವೇಗ ಸ್ವಲ್ಪ ಕಳೆದುಕೊಳ್ಳುತ್ತದೆ. ಇವೆರಡೂ ಬೇರೆ ಜಾಗಗಳೇ ಎಂದು ಪ್ರೋಗ್ರಾಮರ್ ತಾನೇ ಮಾತು ಕೊಡಲು ಸಿ ಭಾಷೆಯಲ್ಲಿ ರಿಸ್ಟ್ರಿಕ್ಟ್ ಎಂಬ ಪದ ಇದೆ. ಬಳಸುವವರು ಕಡಿಮೆ.

ರಸ್ಟ್‌ನಲ್ಲಿ ಪರಿಸ್ಥಿತಿಯೇ ಬೇರೆ. ಬದಲಾಯಿಸಬಹುದಾದ ರೆಫರೆನ್ಸ್ (ಮೆಮೊರಿಯ ಜಾಗವೊಂದನ್ನು ತೋರಿಸುವ ವಿಳಾಸ) ಒಂದಿದ್ದರೆ, ಅದು ಬಳಕೆಯಲ್ಲಿರುವಷ್ಟು ಹೊತ್ತು ಅದೇ ಜಾಗಕ್ಕೆ ಬೇರೆ ದಾರಿ ಇರಬಾರದು ಎನ್ನುವುದು ಆ ಭಾಷೆಯ ಮೂಲ ನಿಯಮ. ಕಂಪೈಲರ್ ಅದನ್ನು ಪರೀಕ್ಷಿಸಿಯೇ ಮುಂದೆ ಬಿಡುತ್ತದೆ. ಅಂದಮೇಲೆ ಆ ಮಾತನ್ನು ಪುಕ್ಕಟೆಯಾಗಿ ಎಲ್‌ಎಲ್‌ವಿಎಂಗೆ ದಾಟಿಸಬಹುದು ಅಲ್ವಾ? ರಸ್ಟ್ ಅದನ್ನೇ ಮಾಡಿತು. ಆ ಗುರುತಿನ ಹೆಸರು ನೋಏಲಿಯಾಸ್.

ತೊಂದರೆ ಶುರುವಾಗಿದ್ದು ಅಲ್ಲಿ. ಸಿ ಕೋಡಿನಲ್ಲಿ ಅಲ್ಲೊಂದು ಇಲ್ಲೊಂದು ಕಾಣುತ್ತಿದ್ದ ಗುರುತು ರಸ್ಟ್ ಕೋಡಿನಲ್ಲಿ ಸಾಲು ಸಾಲಾಗಿ ಬರತೊಡಗಿತು. ಎಲ್‌ಎಲ್‌ವಿಎಂನಲ್ಲಿ ಹೆಚ್ಚು ಯಾರೂ ಓಡಾಡದ ದಾರಿಯಲ್ಲಿ ಏಕಾಏಕಿ ಸಂತೆ ಸೇರಿದಂತಾಯಿತು. ಅಡಗಿದ್ದ ತಪ್ಪುಗಳು ಹೊರಗೆ ಬಂದವು.

2018ರ ತಪ್ಪು ಲೂಪ್ ಬಿಚ್ಚುವುದಕ್ಕೆ ಸಂಬಂಧಿಸಿದ್ದು. ಲೂಪ್ ಒಳಗೆ ಒಂದು ಫಂಕ್ಷನ್ ಕರೆ ಇದೆ. ಅದನ್ನು ಆಪ್ಟಿಮೈಸರ್ ಅಲ್ಲೇ ಇಳಿಸುತ್ತದೆ. ಜೊತೆಗೆ ಈ ಎರಡು ವಿಳಾಸ ಒಂದೇ ಅಲ್ಲ ಎಂಬ ಮಾತನ್ನೂ ಒಂದು ಚೀಟಿಯಂತೆ ಅಂಟಿಸುತ್ತದೆ. ಆ ಮಾತು ಒಂದು ಸುತ್ತಿಗೆ ಮಾತ್ರ ನಿಜ. ಆಮೇಲೆ ವೇಗಕ್ಕಾಗಿ ಲೂಪನ್ನು ಬಿಚ್ಚಿ ಎರಡು ಸುತ್ತುಗಳನ್ನು ಅಕ್ಕಪಕ್ಕ ಬರೆಯುತ್ತದೆ. ಚೀಟಿಯ ಪ್ರತಿಯೂ ಎರಡೂ ಕಡೆ ಹೋಗುತ್ತದೆ, ಅದೇ ಗುರುತಿನೊಂದಿಗೆ. ಈಗ ಆಪ್ಟಿಮೈಸರ್‌ಗೆ ಮೊದಲ ಸುತ್ತಿನ ಒಂದು ವಿಳಾಸವೂ ಎರಡನೇ ಸುತ್ತಿನ ಇನ್ನೊಂದು ವಿಳಾಸವೂ ಬೇರೆ ಬೇರೆ ಎಂದು ಕಾಣುತ್ತದೆ. ಯಾರೂ ಆ ಮಾತು ಕೊಟ್ಟಿರಲಿಲ್ಲ! ಅದನ್ನು ನಂಬಿ ಅದು ಓದುವ ಬರೆಯುವ ಕ್ರಮ ಬದಲಿಸಿತು. ಲೆಕ್ಕ ತಪ್ಪಿತು.

ಇಲ್ಲಿ ನನಗೆ ಬಹಳ ಹಿಡಿಸುವ ಒಂದು ತಿರುವು ಇದೆ. ತನಿಖೆ ಮಾಡಿದವರು ಅದೇ ತಪ್ಪನ್ನು ಸಣ್ಣದೊಂದು ಸಿ ಪ್ರೋಗ್ರಾಮ್ ಆಗಿ ಬರೆದು ನೋಡಿದರು. ಕ್ಲ್ಯಾಂಗ್‌ನಲ್ಲಿ ತಪ್ಪಿತು. ಸಿ ಭಾಷೆಯ ಇನ್ನೊಂದು ಕಂಪೈಲರ್ ಆದ ಜಿಸಿಸಿಯಲ್ಲೂ ತಪ್ಪಿತು. ಜಿಸಿಸಿ ಪೂರ್ತಿ ಬೇರೆ ಕೋಡ್, ಬೇರೆ ಜನ, 1987ರಿಂದ ಇರುವ ಯೋಜನೆ. ಇಬ್ಬರೂ ಒಂದೇ ತರಹದ ಗುಂಡಿಗೆ ಬಿದ್ದಿದ್ದರು, ಮತ್ತು ಅದನ್ನು ತೋರಿಸಿಕೊಟ್ಟಿದ್ದು ಬೇರೆಯದೇ ಭಾಷೆಯಾದ ರಸ್ಟ್‌ನ ಬಳಕೆದಾರರು. ಜಿಸಿಸಿಯಲ್ಲಿ ತಿದ್ದುಪಡಿ ಬೇಗ ಆಯಿತು. ಎಲ್‌ಎಲ್‌ವಿಎಂನಲ್ಲಿ ಆ ಚೀಟಿ ಎಲ್ಲಿಂದ ಎಲ್ಲಿಯವರೆಗೆ ಲಾಗು ಎಂದು ಬರೆದಿಡುವ ಜಾಗವೇ ನಡುವಿನ ರೂಪದಲ್ಲಿ ಇರಲಿಲ್ಲ. ಅದನ್ನು ಹೊಸದಾಗಿ ಸೇರಿಸಬೇಕಿತ್ತು. ಅಂಥ ಬದಲಾವಣೆ ಹತ್ತಾರು ಕಡೆ ಕೈ ಹಾಕಿಸುತ್ತದೆ.

ಅಲ್ಲಿಯವರೆಗೆ ರಸ್ಟ್ ತಂಡ ಏನು ಮಾಡಿತು? ಆ ಗುರುತು ಕಳಿಸುವುದನ್ನೇ ನಿಲ್ಲಿಸಿತು. ಅದಕ್ಕೂ ಮುಂಚೆ ಬೇರೊಂದು ತಪ್ಪಿನಿಂದಾಗಿ ಒಮ್ಮೆ ನಿಲ್ಲಿಸಿ, 2018ರಲ್ಲಷ್ಟೇ ಮತ್ತೆ ಶುರುಮಾಡಿದ್ದರು. ಈಗ ಮತ್ತೆ ನಿಲುಗಡೆ. ವೇಗ ಹೋದರೆ ಹೋಗಲಿ, ಉತ್ತರ ಸರಿ ಇರಬೇಕು ಎನ್ನುವ ತೀರ್ಮಾನ ಅದು. 2021ರಲ್ಲಿ ಎಲ್‌ಎಲ್‌ವಿಎಂ 12 ಬಂದ ಮೇಲೆ ರಸ್ಟ್ 1.54ರಲ್ಲಿ ಆ ಗುರುತು ಮತ್ತೆ ಶುರುವಾಯಿತು.

ತಪ್ಪನ್ನು ಸಣ್ಣದು ಮಾಡುವ ಕಲೆ

ಕಂಪೈಲರ್ ತಪ್ಪುಗಳಲ್ಲಿ ಎಲ್ಲವೂ ಇಷ್ಟು ಗುಪ್ತವಾಗಿ ಬರುವುದಿಲ್ಲ. ಕೆಲವು ಸಲ ಕಂಪೈಲರ್ ತಾನೇ ಕುಸಿದು ಬೀಳುತ್ತದೆ. ಅದನ್ನು ಐಸಿಇ ಎಂದು ಕರೆಯುತ್ತಾರೆ, ಇಂಟರ್ನಲ್ ಕಂಪೈಲರ್ ಎರರ್‌ನ ಚಿಕ್ಕ ರೂಪ. ನೋಡುವವರಿಗೆ ಗಾಬರಿಯಾಗುತ್ತದೆ, ಆದರೆ ಎಲ್ಲಕ್ಕಿಂತ ಒಳ್ಳೆಯ ತಪ್ಪು ಅದೇ. ಒಳಗೆ ಏನೋ ಲೆಕ್ಕ ತಪ್ಪಿದೆ ಎಂದು ಗೊತ್ತಾದ ಕೂಡಲೇ ಅದು ಕೆಲಸ ನಿಲ್ಲಿಸಿ ಹೇಳಿದೆ. ಮಾತಿಲ್ಲದೆ ತಪ್ಪು ಕೋಡ್ ಬರೆದುಕೊಡುವುದೇ ಹೆದರಬೇಕಾದ ಜಾತಿ. ಅದಕ್ಕೆ ಮಿಸ್‌ಕಂಪೈಲ್ ಎನ್ನುತ್ತಾರೆ.

ತಪ್ಪು ವರದಿಯಾದ ಮೇಲೆ ಮೊದಲ ಕೆಲಸ ಅದನ್ನು ಸಣ್ಣದು ಮಾಡುವುದು. ವರದಿ ಮಾಡಿದವರ ಪ್ರಾಜೆಕ್ಟ್ ಐವತ್ತು ಸಾವಿರ ಸಾಲು ಇರಬಹುದು. ತಪ್ಪಿಗೆ ಬೇಕಾಗಿರುವುದು ಹತ್ತು ಸಾಲು. ಒಂದೊಂದೇ ಸಾಲು ಕಿತ್ತು ನೋಡಬೇಕು: ಇನ್ನೂ ತಪ್ಪುತ್ತಿದೆಯೇ? ತಪ್ಪುತ್ತಿದ್ದರೆ ಆ ಸಾಲು ಬೇಡ. ಇದನ್ನು ತಾನೇ ಮಾಡುವ ಸಿ‌-ರೆಡ್ಯೂಸ್‌ನಂಥ ಸಾಧನಗಳಿವೆ. ಆದರೂ ಕೈಯಿಂದ ಮಾಡುವುದು ಬಹಳ ಇದೆ. ಕಂಪೈಲರ್ ಒಳಗಿನ ಒಂದಕ್ಷರ ಗೊತ್ತಿಲ್ಲದವರೂ ಈ ಕೆಲಸ ಮಾಡಬಹುದು. ಹಾಗೆ ಸುಮ್ನೆ ಕೂತು ವರದಿಗಳನ್ನು ಚಿಕ್ಕದು ಮಾಡಿಕೊಡುವ ಎಷ್ಟೋ ಜನ ಇದ್ದಾರೆ. ತಿದ್ದುಪಡಿ ಬರೆಯುವವರ ಅರ್ಧ ಭಾರ ಅಲ್ಲಿಗೆ ಇಳಿಯುತ್ತದೆ.

ಎರಡನೆಯ ಕೆಲಸ, ತಪ್ಪು ಯಾವತ್ತು ಒಳಗೆ ಬಂತು ಎಂದು ಹುಡುಕುವುದು. ಹಿಂದಿನ ಆವೃತ್ತಿಯಲ್ಲಿ ಸರಿ ಇತ್ತು, ಈಗ ಇಲ್ಲ. ನಡುವೆ ಸಾವಿರ ಬದಲಾವಣೆ. ಸರಿಯಾಗಿ ಮಧ್ಯದ್ದನ್ನು ತೆಗೆದುಕೊಂಡು ನೋಡಿದರೆ ತಪ್ಪು ಯಾವ ಅರ್ಧದಲ್ಲಿದೆ ಎಂದು ತಿಳಿಯುತ್ತದೆ. ಮತ್ತೆ ಆ ಅರ್ಧದ ಮಧ್ಯ. ಹತ್ತು ಹೆಜ್ಜೆಯಲ್ಲಿ ಸಾವಿರದಲ್ಲಿ ಒಂದು ಸಿಕ್ಕಿಬಿಡುತ್ತದೆ. ಇದನ್ನು ಬೈಸೆಕ್ಟ್ ಎನ್ನುತ್ತಾರೆ.

ಬಳಕೆದಾರರು ಕಂಡುಹಿಡಿಯುವವರೆಗೆ ಯಾಕೆ ಕಾಯಬೇಕು ಎಂದು ಕೇಳಬಹುದು. ಒಳ್ಳೆಯ ಪ್ರಶ್ನೆ. ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು ಸಿಸ್ಮಿತ್ ಎಂಬ ಸಾಧನ ಕಟ್ಟಿದರು. ಅದು ಯದ್ವಾತದ್ವಾ ಕಾಣುವ, ಆದರೆ ನಿಯಮಕ್ಕೆ ಸರಿಯಾದ ಸಿ ಪ್ರೋಗ್ರಾಮ್‌ಗಳನ್ನು ತಾನೇ ಹುಟ್ಟಿಸುತ್ತದೆ. ಒಂದೇ ಪ್ರೋಗ್ರಾಮನ್ನು ಬೇರೆ ಬೇರೆ ಕಂಪೈಲರ್‌ಗಳಿಗೆ ಕೊಟ್ಟು ಉತ್ತರ ಹೋಲಿಸಬೇಕು. ಉತ್ತರ ಬೇರೆಯಾದರೆ ಯಾರೋ ಒಬ್ಬರು ತಪ್ಪಿದ್ದಾರೆ. 2011ರಲ್ಲಿ ಪ್ರಕಟವಾದ ಅವರ ಪ್ರಬಂಧದ ಪ್ರಕಾರ ಮೂರು ವರ್ಷದಲ್ಲಿ 325ಕ್ಕೂ ಹೆಚ್ಚು ಹೊಸ ತಪ್ಪುಗಳನ್ನು ಕಂಪೈಲರ್ ತಂಡಗಳಿಗೆ ವರದಿ ಮಾಡಿದರು. ಪರೀಕ್ಷಿಸಿದ ಪ್ರತಿ ಕಂಪೈಲರ್‌ನಲ್ಲೂ ಏನಾದರೊಂದು ಸಿಕ್ಕಿತು. ಫ್ರಾನ್ಸ್‌ನಲ್ಲಿ ಸರಿ ಇದೆ ಎನ್ನುವ ಗಣಿತದ ಪುರಾವೆಯೊಂದಿಗೇ ಕಟ್ಟಿದ ಕಾಂಪ್‌ಸರ್ಟ್ ಕಂಪೈಲರ್ ಎದ್ದು ಕಂಡಿತು. ಬೇರೆಲ್ಲರ ಆಪ್ಟಿಮೈಸರ್‌ಗಳಲ್ಲಿ ಸಿಕ್ಕಂಥ ತಪ್ಪುಗಳು ಅದರ ಪುರಾವೆ ಇರುವ ಭಾಗದಲ್ಲಿ ಸಿಗಲಿಲ್ಲ.

ಒಂದು ಬದಲಾವಣೆ ಒಳಗೆ ಹೋಗುವ ದಾರಿ

ರಸ್ಟ್ ಹುಟ್ಟುಹಾಕಿದ ಗ್ರೇಡನ್ ಹೋರ್ ಒಂದು ಸರಳ ನಿಯಮ ಇಟ್ಟಿದ್ದರು: ಮುಖ್ಯ ಶಾಖೆಯಲ್ಲಿರುವ (ಎಲ್ಲರ ಕೆಲಸ ಬಂದು ಸೇರುವ ಮೂಲ ಪ್ರತಿಯ) ಕೋಡ್ ಯಾವಾಗಲೂ ಎಲ್ಲ ಟೆಸ್ಟ್ ಪಾಸಾಗಿರಬೇಕು, ಅದನ್ನು ಯಂತ್ರವೇ ಕಾಯಬೇಕು. ಕೇಳಿದರೆ ಇದರಲ್ಲೇನಿದೆ ಅನಿಸುತ್ತದೆ. ಆದರೆ ಇಬ್ಬರು ಬೇರೆ ಬೇರೆಯಾಗಿ ಬರೆದ ಎರಡು ಬದಲಾವಣೆ ತಮ್ಮ ತಮ್ಮಷ್ಟಕ್ಕೆ ಸರಿ ಇದ್ದು, ಒಟ್ಟಿಗೆ ಸೇರಿದಾಗ ಕೆಡಬಹುದು. ಅದಕ್ಕೇ ರಸ್ಟ್‌ನಲ್ಲಿ ರಿವ್ಯೂ ಆದ ಬದಲಾವಣೆಯನ್ನು ಮನುಷ್ಯರು ನೇರವಾಗಿ ಮರ್ಜ್ ಮಾಡುವುದಿಲ್ಲ. ಬಾರ್ಸ್ ಎಂಬ ಬಾಟ್ ಅದನ್ನು ಸರದಿಯಲ್ಲಿ ನಿಲ್ಲಿಸುತ್ತದೆ. ಸರದಿ ಬಂದಾಗ, ಆ ಹೊತ್ತಿನ ಮುಖ್ಯ ಶಾಖೆಯ ಜೊತೆ ಸೇರಿಸಿ, ಮುಖ್ಯ ಪ್ಲಾಟ್‌ಫಾರ್ಮ್‌ಗಳಲ್ಲೆಲ್ಲ ಕಟ್ಟಿ (ಅಂದರೆ ಕಂಪೈಲ್ ಮಾಡಿ), ಟೆಸ್ಟ್ ಓಡಿಸುತ್ತದೆ. ಪಾಸಾದರೆ ಮಾತ್ರ ಒಳಗೆ.

ಇದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಸರದಿ ಬೆಳೆಯುತ್ತದೆ. ಹಾಗಾಗಿ ಅಪಾಯ ಕಡಿಮೆ ಇರುವ ಸಣ್ಣ ಬದಲಾವಣೆಗಳನ್ನು ಒಂದು ಗಂಟು ಕಟ್ಟಿ ಒಟ್ಟಿಗೆ ಪರೀಕ್ಷಿಸುತ್ತಾರೆ. ಗಂಟು ಫೇಲಾದರೆ ಯಾವುದು ಕೆಡಿಸಿತು ಎಂದು ಹುಡುಕಿ ಅದನ್ನು ಹೊರಗಿಟ್ಟು ಮತ್ತೆ ಕಟ್ಟಬೇಕು. ಬೇಸರದ ಕೆಲಸ, ದಿನವೂ ಯಾರೋ ಒಬ್ಬರು ಮಾಡುತ್ತಿರುತ್ತಾರೆ.

ಕಂಪೈಲರ್‌ನ ಸ್ವಂತ ಟೆಸ್ಟ್‌ಗಳಷ್ಟೇ ಸಾಲದು. ಜನ ಬರೆಯುವ ಕೋಡ್ ಟೆಸ್ಟ್ ಬರೆಯುವವರ ಊಹೆಗೆ ಮೀರಿದ್ದು. ಅದಕ್ಕೆ ರಸ್ಟ್ ತಂಡದ ಬಳಿ ಕ್ರೇಟರ್ ಎಂಬ ವ್ಯವಸ್ಥೆ ಇದೆ. ಸಾರ್ವಜನಿಕವಾಗಿ ಪ್ರಕಟವಾಗಿರುವ ರಸ್ಟ್ ಲೈಬ್ರರಿಗಳನ್ನೆಲ್ಲ ಹಳೆಯ ಕಂಪೈಲರ್‌ನಲ್ಲಿ ಒಮ್ಮೆ, ಹೊಸದರಲ್ಲಿ ಒಮ್ಮೆ ಕಟ್ಟಿ ಹೋಲಿಸುತ್ತದೆ. ದಿನಗಟ್ಟಲೆ ಓಡುತ್ತದೆ. ಕೊನೆಗೆ ಸಿಗುವುದು ಒಂದು ಪಟ್ಟಿ: ನಿನ್ನೆ ಕಟ್ಟಲಾಗುತ್ತಿದ್ದು ಇಂದು ಆಗದ ಲೈಬ್ರರಿಗಳು. ಪ್ರತಿಯೊಂದನ್ನೂ ಯಾರಾದರೂ ತೆರೆದು ನೋಡಬೇಕು. ಆ ಲೈಬ್ರರಿ ಯಾವುದೋ ತಪ್ಪು ನಡವಳಿಕೆಯ ಮೇಲೆ ನಿಂತಿತ್ತೇ, ಅಥವಾ ನಾವೇ ಕೆಡಿಸಿದೆವೇ? ಎಷ್ಟೋ ಸಲ ಕಂಪೈಲರ್ ತಂಡದವರೇ ಆ ಲೈಬ್ರರಿಗೆ ತಿದ್ದುಪಡಿ ಬರೆದು ಕಳಿಸುತ್ತಾರೆ. ಓಪನ್ ಸೋರ್ಸ್ ಆಗಿರುವುದರಿಂದಲೇ ಇದೆಲ್ಲ ಸಾಧ್ಯ. ಬಳಕೆದಾರರ ಕೋಡ್ ಕಣ್ಣಿಗೆ ಕಾಣದಿದ್ದರೆ ಯಾರು ಕೆಡುತ್ತಾರೆ ಎಂದು ಮುಂಚೆಯೇ ತಿಳಿಯಲು ದಾರಿಯೇ ಇಲ್ಲ.

ಅಲ್ಲಿಂದ ಮುಂದೆ ರೈಲಿನ ತರಹ. ಇವತ್ತಿನ ಬದಲಾವಣೆ ಪ್ರತಿ ರಾತ್ರಿ ಹೊರಬರುವ ನೈಟ್ಲಿ ಆವೃತ್ತಿಯಲ್ಲಿ ಸಿಗುತ್ತದೆ. ಆರು ವಾರಕ್ಕೊಮ್ಮೆ ನೈಟ್ಲಿ ಪರೀಕ್ಷೆಗೆಂದು ಇರುವ ಬೀಟಾ ಆಗುತ್ತದೆ, ಬೀಟಾ ಎಲ್ಲರಿಗೂ ಕೊಡುವ ಸ್ಟೇಬಲ್ ಆಗುತ್ತದೆ. ಯಾವುದೋ ಫೀಚರ್ ಸಿದ್ಧವಾಗಲಿಲ್ಲ ಎಂದರೆ ರೈಲು ಕಾಯುವುದಿಲ್ಲ, ಫೀಚರ್ ಮುಂದಿನ ರೈಲಿಗೆ ಹತ್ತುತ್ತದೆ. ಗಡಿಬಿಡಿಯಲ್ಲಿ ಅರೆಬೆಂದ ಕೆಲಸ ತುರುಕುವ ಆಸೆ ಇದರಿಂದ ತಗ್ಗುತ್ತದೆ.

ಇಷ್ಟೆಲ್ಲ ಇದ್ದೂ ಜಾರುತ್ತದೆ. 2021ರ ಮೇ 6ರಂದು ರಸ್ಟ್ 1.52 ಬಂತು. ಕಂಪೈಲರ್ ಹಿಂದಿನ ಸಲದ ಲೆಕ್ಕವನ್ನು ಉಳಿಸಿಟ್ಟುಕೊಂಡು ಮುಂದಿನ ಸಲ ಬಳಸುವ ಇನ್‌ಕ್ರಿಮೆಂಟಲ್ ವಿಧಾನದಲ್ಲಿ ತಪ್ಪುಗಳು ಇದ್ದವು. ಅವು ಮೊದಲಿನಿಂದಲೇ ಇದ್ದವು. 1.52ರಲ್ಲಿ ಸೇರಿಸಿದ ಹೊಸ ಪರೀಕ್ಷೆಯೊಂದು ಅವನ್ನು ಹಿಡಿದು, ಕಂಪೈಲರನ್ನು ನಿಲ್ಲಿಸತೊಡಗಿತು. ಜನರಿಗೆ ಐಸಿಇಗಳ ಮಳೆ. ನಾಲ್ಕೇ ದಿನದಲ್ಲಿ 1.52.1 ಬಂತು, ಇನ್‌ಕ್ರಿಮೆಂಟಲ್ ವಿಧಾನವನ್ನೇ ತಾತ್ಕಾಲಿಕವಾಗಿ ನಿಲ್ಲಿಸಿತು. ಕಟ್ಟುವುದು ನಿಧಾನವಾಯಿತು. ನೋಏಲಿಯಾಸ್ ಕಥೆಯ ಅದೇ ತೀರ್ಮಾನ ಇಲ್ಲೂ ಕಾಣುತ್ತದೆ.

ಸರಿ ಯಾರದು?

ಕೆಲವು ಸಲ ಕಂಪೈಲರ್ ನಿಯಮದ ಪ್ರಕಾರ ಸರಿ ಇದ್ದೂ ಜನರಿಗೆ ಪೆಟ್ಟಾಗುತ್ತದೆ. 2009ರಲ್ಲಿ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನ ಟನ್ ಎಂಬ ಡ್ರೈವರ್‌ನಲ್ಲಿ ಹೀಗಾಯಿತು. ಅಲ್ಲಿನ ಕೋಡ್ ಒಂದು ಪಾಯಿಂಟರ್ (ಮೆಮೊರಿಯ ವಿಳಾಸ) ಹಿಡಿದು ಅದರೊಳಗಿನ ಬೆಲೆ ಓದುತ್ತಿತ್ತು, ಆಮೇಲೆ ಆ ಪಾಯಿಂಟರ್ ಖಾಲಿಯೇ ಎಂದು ಪರೀಕ್ಷಿಸುತ್ತಿತ್ತು. ಕ್ರಮ ತಲೆಕೆಳಗಾಗಿತ್ತು. ಜಿಸಿಸಿ ಹೀಗೆ ಯೋಚಿಸಿತು: ಖಾಲಿ ಪಾಯಿಂಟರ್ ಓದುವುದನ್ನು ಸಿ ಭಾಷೆ ಒಪ್ಪುವುದಿಲ್ಲ. ಇಲ್ಲಿ ಓದಿಯಾಗಿದೆ, ಅಂದರೆ ಅದು ಖಾಲಿ ಇರಲಾರದು. ಹಾಗಾದರೆ ಪರೀಕ್ಷೆ ಬೇಡ. ಪರೀಕ್ಷೆಯ ಸಾಲು ಮಾಯವಾಯಿತು, ಅದರ ಜೊತೆ ಒಂದು ಭದ್ರತಾ ಬಾಗಿಲೂ ತೆರೆದುಕೊಂಡಿತು.

ತಪ್ಪು ಕರ್ನಲ್ ಕೋಡಿನದೇ. ಆದರೂ ಕಂಪೈಲರ್ ಕಡೆಯವರು ಕೈ ಕಟ್ಟಿ ಕೂರಬಾರದು ಎನ್ನುವುದು ನನ್ನ ಅಭಿಪ್ರಾಯ. ಆ ಆಪ್ಟಿಮೈಸೇಶನ್ ನಿಲ್ಲಿಸುವ ಒಂದು ಆಯ್ಕೆ ಜಿಸಿಸಿಯಲ್ಲಿ ಇತ್ತು. ಕರ್ನಲ್ ಅದನ್ನು ಬಳಸತೊಡಗಿತು. ಆಮೇಲಿನ ವರ್ಷಗಳಲ್ಲಿ ಕ್ಲ್ಯಾಂಗ್ ಮತ್ತು ಜಿಸಿಸಿ ಎರಡರಲ್ಲೂ ಇಂಥ ನಿಯಮಭಂಗವನ್ನು ಪ್ರೋಗ್ರಾಮ್ ಓಡುವಾಗಲೇ ಹಿಡಿಯುವ ಸ್ಯಾನಿಟೈಸರ್‌ಗಳು ಬಂದವು. ಕಂಪೈಲರ್ ಬೆಳೆದಷ್ಟೂ ಬುದ್ಧಿವಂತಿಕೆ ಹೆಚ್ಚುತ್ತದೆ. ಅದು ಏನನ್ನು ನಂಬಿದೆ ಎಂದು ಬಳಕೆದಾರರಿಗೆ ತೋರಿಸುವ ಹೊಣೆಯೂ ಅದರ ಜೊತೆಗೇ ಹೆಚ್ಚಬೇಕು.

ಕೊಟ್ಟ ಮಾತು ಉಳಿಸಿಕೊಂಡೇ ಬದಲಾಗುವುದು

ಗೋ ಭಾಷೆ 2012ರಲ್ಲಿ ತನ್ನ ಮೊದಲ ಸ್ಥಿರ ಆವೃತ್ತಿಯ ಜೊತೆ ಒಂದು ಮಾತು ಕೊಟ್ಟಿತು: ಇವತ್ತು ಬರೆದ ಸರಿಯಾದ ಪ್ರೋಗ್ರಾಮ್ ಮುಂದಿನ ಗೋ 1 ಆವೃತ್ತಿಗಳಲ್ಲೂ ಕಟ್ಟುತ್ತದೆ, ಓಡುತ್ತದೆ. ಆದರೆ ಭಾಷೆಯಲ್ಲೇ ಒಂದು ಮುಳ್ಳು ಇತ್ತು. ಫಾರ್ ಲೂಪಿನ ವೇರಿಯಬಲ್ ಎಲ್ಲ ಸುತ್ತುಗಳಿಗೂ ಸೇರಿ ಒಂದೇ. ಒಳಗೆ ಬರೆದ ಫಂಕ್ಷನ್ ಅದನ್ನು ಹಿಡಿದಿಟ್ಟುಕೊಂಡು ಆಮೇಲೆ ನೋಡಿದರೆ ಕೊನೆಯ ಸುತ್ತಿನ ಬೆಲೆಯೇ ಸಿಗುತ್ತಿತ್ತು. ಕಲಿಯುವವರು ಮಾತ್ರವಲ್ಲ, ಪಳಗಿದವರೂ ಎಡವುತ್ತಿದ್ದರು. ಸರಿಪಡಿಸಿದರೆ ಹಳೆಯ ಕೋಡಿನ ಅರ್ಥ ಬದಲಾಗುತ್ತದೆ. ಬಿಟ್ಟರೆ ಹೊಸಬರು ಎಡವುತ್ತಲೇ ಇರುತ್ತಾರೆ.

2024ರ ಫೆಬ್ರವರಿಯಲ್ಲಿ ಬಂದ ಗೋ 1.22 ಇದನ್ನು ಬಿಡಿಸಿದ ರೀತಿ ನೋಡಿ. ಪ್ರತಿ ಪ್ರಾಜೆಕ್ಟ್ ತಾನು ಯಾವ ಗೋ ಆವೃತ್ತಿಗೆ ಬರೆದದ್ದು ಎಂದು ತನ್ನ ಮಾಡ್ಯೂಲ್ ಫೈಲಿನಲ್ಲಿ ಹೇಳಿಕೊಂಡಿರುತ್ತದೆ. 1.22 ಅಥವಾ ಅದಕ್ಕಿಂತ ಹೊಸದು ಎಂದು ಬರೆದಿದ್ದರೆ ಪ್ರತಿ ಸುತ್ತಿಗೂ ಹೊಸ ವೇರಿಯಬಲ್. ಹಳೆಯ ಸಂಖ್ಯೆ ಇದ್ದರೆ ಹಳೆಯ ನಡವಳಿಕೆ. ಎರಡೂ ಅರ್ಥಗಳು ಒಂದೇ ಕಂಪೈಲರ್‌ನಲ್ಲಿ. ಹೊಸ ಅರ್ಥಕ್ಕೆ ದಾಟುವಾಗ ಟೆಸ್ಟ್ ಕೆಟ್ಟರೆ, ಯಾವ ಲೂಪಿನಿಂದ ಕೆಟ್ಟಿತು ಎಂದು ಹುಡುಕಿಕೊಡುವ ಸಾಧನವನ್ನೂ ಕೊಟ್ಟರು. ಮೇಲೆ ಹೇಳಿದ ಬೈಸೆಕ್ಟ್ ವಿಧಾನವೇ, ಆದರೆ ಬದಲಾವಣೆಗಳ ಬದಲು ಲೂಪ್‌ಗಳ ಮೇಲೆ. ರಸ್ಟ್ ಇದೇ ಕೆಲಸಕ್ಕೆ ಎಡಿಷನ್ ಎಂಬ ವ್ಯವಸ್ಥೆ ಮಾಡಿಕೊಂಡಿದೆ: 2015, 2018, 2021, 2024. ಬೇರೆ ಬೇರೆ ಎಡಿಷನ್‌ನ ಲೈಬ್ರರಿಗಳು ಒಂದೇ ಪ್ರೋಗ್ರಾಮಿನಲ್ಲಿ ಸೇರಿಕೊಂಡು ಓಡುತ್ತವೆ.

ಇದಕ್ಕೆ ತೆರಬೇಕಾದ ಬೆಲೆ ಇದೆ. ಎರಡು ಅರ್ಥ ಎಂದರೆ ಎರಡು ದಾರಿ, ಎರಡರಷ್ಟು ಟೆಸ್ಟ್. ಹಳೆಯದನ್ನು ಯಾವತ್ತೂ ಕಿತ್ತು ಹಾಕುವ ಹಾಗಿಲ್ಲ. ಬಳಕೆದಾರರ ಮನೆ ಹಗುರ ಇರಲಿ ಎಂದು ಕಂಪೈಲರ್ ತನ್ನ ಮನೆಯಲ್ಲಿ ಸಾಮಾನು ತುಂಬಿಕೊಳ್ಳುತ್ತದೆ.

ಅಡಿಪಾಯ ಬದಲಿಸುವುದು

ವರ್ಷಗಳು ಕಳೆದಂತೆ ಕಂಪೈಲರ್‌ನ ಒಳಗಟ್ಟೇ ಹಳತಾಗುತ್ತದೆ. ಆಗ ಓಡುತ್ತಿರುವಾಗಲೇ ಅದನ್ನು ಬದಲಿಸಬೇಕು. ಜಿಸಿಸಿ 2005ರ 4.0 ಆವೃತ್ತಿಯಲ್ಲಿ ತನ್ನ ಆಪ್ಟಿಮೈಸರ್‌ಗೆ ಹೊಸ ನಡುವಿನ ರೂಪ ತಂದಿತು. ಗೋ ಕಂಪೈಲರ್ ಮೊದಲು ಸಿ ಭಾಷೆಯಲ್ಲಿತ್ತು. 2015ರ ಗೋ 1.5ರಲ್ಲಿ ಅದನ್ನು ಗೋ ಭಾಷೆಗೇ ಯಂತ್ರದಿಂದ ಅನುವಾದಿಸಿದರು. ಕೂಡಲೇ ಕಟ್ಟುವ ಸಮಯ ಸುಮಾರು ಎರಡು ಪಟ್ಟಾಯಿತು. ಬಿಡುಗಡೆ ಟಿಪ್ಪಣಿಯಲ್ಲಿ ತಂಡವೇ ಅದನ್ನು ಮುಚ್ಚುಮರೆ ಇಲ್ಲದೆ ಬರೆಯಿತು. ಮುಂದಿನ ವರ್ಷದ 1.7ರಲ್ಲಿ 64 ಬಿಟ್ ಎಕ್ಸ್86 ಪ್ರೊಸೆಸರ್‌ಗಳಿಗೆ ಹೊಸ ಹಿಂಭಾಗ ಬಂತು. ಅದು ಹುಟ್ಟಿಸಿದ ಕೋಡ್ ತಂಡದ ಅಳತೆಗಳಲ್ಲಿ ಶೇ 5ರಿಂದ 35ರಷ್ಟು ಕಡಿಮೆ ಸಮಯದಲ್ಲಿ ಓಡಿತು. ಸಿ ಕೋಡ್ ಇಟ್ಟುಕೊಂಡೇ ಆ ಮಟ್ಟದ ಕೆಲಸ ಮಾಡುವುದು ಇನ್ನೂ ಕಷ್ಟವಾಗುತ್ತಿತ್ತು ಅನಿಸುತ್ತದೆ. 2022ರಲ್ಲಿ 1.18ರ ಜೊತೆ ಜೆನೆರಿಕ್ಸ್ (ಒಂದೇ ಕೋಡನ್ನು ಹಲವು ಟೈಪ್‌ಗಳಿಗೆ ಬಳಸುವ ಅನುಕೂಲ) ಬಂದಾಗಲೂ ಕಟ್ಟುವ ವೇಗ ಸುಮಾರು ಶೇ 15 ಕುಸಿಯಿತು. 1.20ರ ಹೊತ್ತಿಗೆ ಅದನ್ನು ಹಳೆಯ ಮಟ್ಟಕ್ಕೆ ತಂದರು. ಎರಡು ಹೆಜ್ಜೆ ಹಿಂದೆ ಹೋಗಿ ಮೂರು ಮುಂದೆ ಬರುವ ಧೈರ್ಯ ಇಲ್ಲಿ ಬೇಕು, ಹಿಂದೆ ಹೋಗಿದ್ದೇವೆ ಎಂದು ಅಳೆದು ಹೇಳುವ ಪ್ರಾಮಾಣಿಕತೆಯೂ ಬೇಕು.

ತನ್ನದೇ ಭಾಷೆಯಲ್ಲಿ ಬರೆದ ಕಂಪೈಲರ್ ಎಂದರೆ ಇನ್ನೊಂದು ಪ್ರಶ್ನೆ ಏಳುತ್ತದೆ. ಅದನ್ನು ಕಟ್ಟುವವರು ಯಾರು? ಅದರ ಹಿಂದಿನ ಆವೃತ್ತಿ. ಅದನ್ನು? ಅದರ ಹಿಂದಿನದು. ರಸ್ಟ್‌ನ ಮೊದಲ ಕಂಪೈಲರ್ ಒಕ್ಯಾಮಲ್ ಭಾಷೆಯಲ್ಲಿತ್ತು. 2011ರಿಂದ ರಸ್ಟ್ ತನ್ನನ್ನು ತಾನೇ ಕಟ್ಟಿಕೊಳ್ಳುತ್ತಿದೆ. ಜಿಸಿಸಿ ತನ್ನನ್ನು ಮೂರು ಸಲ ಕಟ್ಟಿಕೊಳ್ಳುತ್ತದೆ. ಸಿಸ್ಟಮ್‌ನಲ್ಲಿರುವ ಕಂಪೈಲರ್‌ನಿಂದ ಮೊದಲನೆಯದು, ಅದರಿಂದ ಎರಡನೆಯದು, ಅದರಿಂದ ಮೂರನೆಯದು. ಎರಡನೆಯದೂ ಮೂರನೆಯದೂ ಅಕ್ಷರಶಃ ಒಂದೇ ಇರಬೇಕು. ಬೇರೆಯಾದರೆ ಎಲ್ಲೋ ತಪ್ಪಿದೆ.

ಈ ಸರಪಳಿಯ ಅಪಾಯವನ್ನು 1984ರಲ್ಲಿ ಪ್ರಕಟವಾದ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ ಕೆನ್ ಥಾಂಪ್ಸನ್ ತೋರಿಸಿದರು. ಕಂಪೈಲರ್‌ನ ಬೈನರಿಯಲ್ಲಿ (ಕಟ್ಟಿದ ಮೇಲೆ ಸಿಗುವ ಯಂತ್ರದ ರೂಪದಲ್ಲಿ) ಒಂದು ಕಳ್ಳ ಕೋಡ್ ಸೇರಿಸಿ, ತನ್ನನ್ನು ತಾನು ಕಟ್ಟುವಾಗೆಲ್ಲ ಅದನ್ನು ಮರಳಿ ಸೇರಿಸಿಕೊಳ್ಳುವಂತೆ ಮಾಡಿದರೆ, ಮನುಷ್ಯರು ಬರೆದ ಸೋರ್ಸ್‌ನಲ್ಲಿ ಎಷ್ಟು ಹುಡುಕಿದರೂ ಸಿಗದು. ಸ್ವತಂತ್ರವಾಗಿ ಬರೆದ ಇನ್ನೊಂದು ಕಂಪೈಲರ್‌ನಿಂದ ಅದೇ ಸೋರ್ಸ್ ಕಟ್ಟಿ ಹೋಲಿಸುವುದು ಇದಕ್ಕೆ ಒಂದು ಉತ್ತರ. ರಸ್ಟ್‌ಗೆ ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ ಎಂರಸ್ಟ್‌ಸಿ ಎಂಬ ಬೇರೆ ಕಂಪೈಲರ್ ಇರುವುದು ಇದೇ ಕಾರಣಕ್ಕೆ ಬಹಳ ಉಪಯೋಗದ ಸಂಗತಿ.

ಇವೆಲ್ಲಕ್ಕೂ ಜನ ಬೇಕು. 1997ರಲ್ಲಿ ಜಿಸಿಸಿಯ ಬೆಳವಣಿಗೆ ನಿಧಾನವಾಗಿದೆ, ಹೊರಗಿನವರ ಕೆಲಸ ಒಳಗೆ ಬರುತ್ತಿಲ್ಲ ಎಂದು ಬೇಸತ್ತ ಕೆಲವರು ಎಗ್ಸ್ ಎಂಬ ಕವಲು ತೆಗೆದರು. ಕವಲು ಎಷ್ಟು ಚೆನ್ನಾಗಿ ನಡೆಯಿತೆಂದರೆ 1999ರಲ್ಲಿ ಅದೇ ಅಧಿಕೃತ ಜಿಸಿಸಿ ಆಯಿತು. ಇವತ್ತಿನ ಕೊರತೆ ಬೇರೆ ತರಹದ್ದು. ಕೋಡ್ ಬರೆದು ಕಳಿಸುವವರು ಸಿಗುತ್ತಾರೆ, ಅದನ್ನು ಓದಿ ಸರಿಯೇ ತಪ್ಪೇ ಎಂದು ಹೇಳಬಲ್ಲ ರಿವ್ಯೂ ಮಾಡುವವರು ಸಾಲುವುದಿಲ್ಲ. ಟೈಪ್ ಪರೀಕ್ಷಿಸುವ ಭಾಗದಂಥ ಆಳದ ಜಾಗಗಳನ್ನು ಪೂರ್ತಿ ತಿಳಿದವರು ಬೆರಳೆಣಿಕೆಯಷ್ಟು. ರಸ್ಟ್‌ನಲ್ಲಿ 25860 ಎಂಬ ಸಂಖ್ಯೆಯ ತಪ್ಪು 2015ರಲ್ಲಿ ದಾಖಲಾಯಿತು. ರೆಫರೆನ್ಸ್ ಎಷ್ಟು ಕಾಲ ಬದುಕುತ್ತದೆ ಎಂಬ ಲೆಕ್ಕದಲ್ಲಿ ಇರುವ ಸಣ್ಣ ಸಂದು ಅದು. ಬೇಕೆಂದೇ ಬರೆದರೆ ಸುರಕ್ಷಿತ ಕೋಡಿನಿಂದಲೂ ಮೆಮೊರಿ ಕೆಡಿಸಬಹುದು. ವರ್ಷಗಟ್ಟಲೆ ಅದು ಹಾಗೇ ತೆರೆದಿತ್ತು. ಯಾರೂ ನೋಡಲಿಲ್ಲ ಅಂತಲ್ಲ. ಸರಿಯಾಗಿ ಮುಚ್ಚಲು ಟೈಪ್ ವ್ಯವಸ್ಥೆಯ ಒಂದು ದೊಡ್ಡ ಭಾಗವನ್ನೇ ಹೊಸದಾಗಿ ಬರೆಯಬೇಕು, ಆ ಕೆಲಸವೇ ವರ್ಷಗಳಷ್ಟು ಉದ್ದದ್ದು.

ಒಳಗೆ ಕಾಲಿಡಲು ಅಷ್ಟು ಆಳ ಬೇಕಿಲ್ಲ. ಎರರ್ ಮೆಸೇಜ್‌ಗಳಿಂದ ಶುರುಮಾಡಿದವರು ಬಹಳ. ರಸ್ಟ್‌ನಲ್ಲಿ ಅರ್ಥವಾಗದ ಎರರ್ ಮೆಸೇಜನ್ನೂ ಬಗ್ ಎಂದೇ ದಾಖಲಿಸಬಹುದು. ಕಂಪೈಲರ್ ಬೈದರೆ ಸಾಲದು, ಎಲ್ಲಿ, ಯಾಕೆ, ಏನು ಮಾಡಿದರೆ ಸರಿಹೋಗುತ್ತದೆ ಎಂದೂ ಹೇಳಬೇಕು. ಅಲ್ಲಿ ಒಂದು ಪದ ಬದಲಿಸಿದರೂ ಅದು ಪುಲ್ ರಿಕ್ವೆಸ್ಟೇ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ), ಅದಕ್ಕೂ ರಿವ್ಯೂ, ಅದಕ್ಕೂ ಸರದಿ.

ಅದೂ ಬೇಡ ಎಂದರೆ, ನಿಮ್ಮ ಪ್ರಾಜೆಕ್ಟನ್ನು ಬೀಟಾ ಕಂಪೈಲರ್‌ನಲ್ಲಿ ಒಮ್ಮೆ ಕಟ್ಟಿ ನೋಡಿ. ಕೆಟ್ಟರೆ ಬರೆದು ಕಳಿಸಿ: ಯಾವ ಆವೃತ್ತಿ, ಯಾವ ಆಜ್ಞೆ, ಏನು ನಿರೀಕ್ಷಿಸಿದಿರಿ, ಏನು ಬಂತು. ಆದಷ್ಟು ಚಿಕ್ಕ ಕೋಡ್ ಕೊಡಿ. ತಪ್ಪು ಸರಿಯಾದ ದಿನ ನೀವು ಕೊಟ್ಟ ಆ ಹತ್ತು ಸಾಲು ಕಂಪೈಲರ್‌ನ ಟೆಸ್ಟ್ ಫೋಲ್ಡರ್‌ನಲ್ಲಿ ಒಂದು ಫೈಲಾಗಿ ಕೂರುತ್ತದೆ. ಬಹಳ ಸಲ ಫೈಲಿನ ಹೆಸರಲ್ಲೇ ನಿಮ್ಮ ವರದಿಯ ಸಂಖ್ಯೆ ಇರುತ್ತದೆ. ಅಲ್ಲಿಂದ ಮುಂದೆ ಯಾರು ಯಾವ ಬದಲಾವಣೆ ತಂದರೂ ಮೊದಲು ಆ ಹತ್ತು ಸಾಲನ್ನು ದಾಟಿಯೇ ಒಳಗೆ ಹೋಗಬೇಕು.